ಹಿತ್ತಾಳೆ ನಲ್ಲಿ

ಕ್ಷಮಿಸುವ ಗುಣ ಆ ಹೆಂಗಸಿಗೆ ಇರಲಿಲ್ಲ. ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯಲು ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಯಾರು ಯಾವಾಗ ಏನು ಒಡೆದರೆಂಬುದು ಅವಳಿಗೆ ಬಾಯಿಪಾಠ. ಒಡೆದವರು ಎದುರಾದಾಗಲೆಲ್ಲ ಎತ್ತಿ ಆಡುತ್ತಿದ್ದಳು. ಎದುರಿಗೆ ಅಕ್ಕ ಎನ್ನುತ್ತಿದ್ದವರು ಬೆನ್ನ ಹಿಂದೆ ಅತ್ತೆ ಎನ್ನುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು.

ಅವಳು ತೊಳೆದದ್ದರಲ್ಲಿ ಮಾತ್ರ ಯಾರೂ ಹುಳುಕು ಕಂಡಿರಲಿಲ್ಲ, ಆ ವಾರದವರೆಗೆ. ಬಾವಿ ನೀರಿನಲ್ಲಿ ತಾಮ್ರ ಪತ್ತೆಹಚ್ಚುವ ಸಂಶೋಧಕಿ, ಮಗಳ ವಯಸ್ಸಿನವಳು, ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದಳು. ಹೋಲಿಸಿ ನೋಡಲು ಡಬ್ಬದಲ್ಲಿಟ್ಟಿದ್ದ ಶುದ್ಧ ನೀರಿನಲ್ಲೂ ತಾಮ್ರ ಕಾಣುತ್ತಿತ್ತು. ಗಾಜಿನ ಕೊಳವೆ ಸರಿಯಾಗಿ ತೊಳೆದಿಲ್ಲವೆಂದು, ಹದಿನೈದು ದಿನದಿಂದ ಪರವೂರಿನಲ್ಲಿದ್ದ ಪ್ರಯೋಗಾಲಯದ ಮುಖ್ಯಸ್ಥ ಮೇಷ್ಟ್ರಿಗೆ ಫೋನಿನಲ್ಲಿ ದೂರು ಹೋಯಿತು. ನಾಳೆ ಬರುತ್ತೇನೆ, ನಿಜವಾದರೆ ಬೇರೆಯವರನ್ನು ಇಡೋಣ ಎಂದರು ಅವರು.

ಮರುದಿನ ಬೆಳಿಗ್ಗೆ ಅತ್ತೆ ಕೈ ಒರೆಸಿಕೊಂಡು ಹುಡುಗಿಯ ಮೇಜಿನ ಮುಂದೆ ನಿಂತಳು.

“ನನ್ನ ಕೊಳೆ ಎಲ್ಲಿದೆ, ತೋರಿಸಮ್ಮ.”

ಹುಡುಗಿ ಪರದೆ ಎಳೆದು ನೀಲಿ ದೀಪ ಹಾಕಿದಳು. ಗಾಜಿನ ಕೊಳವೆಯೊಳಗೆ ಎಳೆ ಹುಲ್ಲಿನಂಥ ಹಸಿರು ಬೆಳಕು ಎದ್ದಿತು.

“ಕಡಲಲ್ಲಿ ಒಂದು ಲೋಳೆಮೀನಿದೆ ಅಕ್ಕ. ಅದರ ಮೈಯಲ್ಲಿರೋ ಪ್ರೋಟೀನನ್ನೇ ಇಲ್ಲಿ ಬೆಳೆಸ್ಕೊಂಡಿದೀವಿ. ತಾಮ್ರ ಬಂದು ಅಂಟಿಕೊಂಡ್ರೆ ಮಂಕಾಗತ್ತೆ.”

ಡಬ್ಬದ ನೀರು ಬೆರೆಸಿದಳು. ಹಸಿರು ಕುಗ್ಗಿತು.

“ಸತ್ತುಹೋಯ್ತಾ?”

“ಇಲ್ಲ, ನೋಡಿ.” ತಾಮ್ರವನ್ನು ಸೆಳೆದುಕೊಳ್ಳುವ ದ್ರಾವಣ ಒಂದು ಹನಿ ಬಿತ್ತು. ಬೆಳಕು ಮರಳಿ ಬಂತು.

ಅತ್ತೆ ಮೇಜಿನ ಅಂಚು ಹಿಡಿದುಕೊಂಡಳು. ಕಣ್ಣಿಗೆ ಕಾಣುವ ಕೊಳೆಯನ್ನಷ್ಟೇ ಅವಳು ಇಷ್ಟು ವರ್ಷ ನಂಬಿದ್ದು. ಇಲ್ಲಿ, ಎಂದೂ ನೋಡದ ಕಡಲಿನ ಯಾವುದೋ ಜೀವದ ಒಂದು ತುಣುಕು, ಕಣ್ಣೂ ಇಲ್ಲದ್ದು, ಯಾರಿಗೂ ಕಾಣದ ಕೊಳೆಯನ್ನು ಮುಟ್ಟಿ ಹೇಳುತ್ತಿತ್ತು. ಇದರ ಮುಂದೆ ತಾನೆಷ್ಟರವಳು ಅನಿಸಿತು. ಹಾಗೆ ಅನಿಸಿದ್ದು ಅದೇ ಮೊದಲು.

ಕೊಳವೆಯತ್ತ ಬೆರಳು ತೋರಿ ಹೇಳಿದಳು, “ಇದು ಸುಳ್ಳು ಹೇಳೋ ಜಾತಿ ಅಲ್ಲ. ಹೊಸ ಪೊಟ್ಟಣ ಒಡಿ. ನನ್ನ ಕೈ ತಾಗದ ಕೊಳವೆಲಿ ನೋಡು.”

ಹೊಸ ಕೊಳವೆಯಲ್ಲೂ, ಅದೇ ನೀರು ಬೆರೆಸಿದಾಗ ಬೆಳಕು ಕುಗ್ಗಿತು. ಹಾಗಾದರೆ ತಪ್ಪು ಕೊಳವೆಯದಲ್ಲ, ನೀರಿನದು. ಇಬ್ಬರೂ ಡಬ್ಬದತ್ತ ತಿರುಗಿದರು. ಅದರ ಪ್ಲಾಸ್ಟಿಕ್ಕಿನ ನಲ್ಲಿ ಹೋದ ವಾರ ಮುರಿದಿತ್ತು. ಹುಡುಗಿಯೇ ಅಂಗಡಿಯಿಂದ ಹಿತ್ತಾಳೆಯದು ತಂದು ಕೂರಿಸಿ, ಇನ್ನು ನೂರು ವರ್ಷ ಬಾಳಿಕೆ ಬರತ್ತೆ ಎಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದಳು.

“ಹಿತ್ತಾಳೆಲಿ ಅರ್ಧಕ್ಕಿಂತ ಹೆಚ್ಚು ತಾಮ್ರವೇ,” ಎಂದಳು ಹುಡುಗಿ, ಮುಖ ಬಿಳಿಚಿಕೊಂಡು. “ಮೇಷ್ಟ್ರು ನನ್ನ ಸುಮ್ನೆ ಬಿಡಲ್ಲ ಅಕ್ಕ.”

“ಬಿಡಬಾರದು.”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಅತ್ತೆ ಡಬ್ಬ ಬೋರಲು ಹಾಕಿ ನೀರು ಚೆಲ್ಲಿದಳು, ನಲ್ಲಿ ತಿರುಚಿ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು.

“ಏನು ಗೊತ್ತಾಯ್ತು?” ಬಾಗಿಲಲ್ಲೇ ಕೇಳಿದರು ಮೇಷ್ಟ್ರು.

“ಕೊಳವೆ ಸರಿ ಇದೆ. ನೀರು ಕೆಟ್ಟಿತ್ತು, ಚೆಲ್ಲಿದೀನಿ.”

“ನಲ್ಲಿ ಎಲ್ಲಿ?”

“ಹೋದ ವಾರವೇ ಮುರೀತು,” ಎಂದಳು ಅತ್ತೆ, ಹುಡುಗಿಯ ಕಡೆ ನೋಡದೆ. “ಹೊಸದು ತರಿಸಿ. ಪ್ಲಾಸ್ಟಿಕ್ಕಿಂದೇ ಇರಲಿ.”