ನೀಲಿ ಗುರುತು ಒರೆಸಿದ ಕೈ

ಅವರ ಪ್ಯಾಂಟಿನ ಒಂದು ಕಾಲು ಕಡುನೀಲಿ, ಇನ್ನೊಂದು ಕಾಲು ಮಾಸಲು ನೀಲಿ. ಅವರು ರಾಯದುರ್ಗದ ನಮ್ಮ ಬೀದಿಯ ಆ ತುದಿಯಲ್ಲಿ ಕಾಣಿಸಿದರೂ ಅವರೇ ಎಂದು ಗೊತ್ತಾಗುತ್ತಿತ್ತು. ಇಬ್ಬರು ಗಂಡಸರು ಒಂದೊಂದು ಕಾಲು ಕೊಟ್ಟು ಕಳಿಸಿದ ಹಾಗೆ ನಡೆದು ಬರುತ್ತಿದ್ದರು.

"ಮಾಸ್ಟ್ರೇ, ಇನ್ನೊಂದು ಕಾಲು ಯಾರ ಮನಿಯಾಗ ಬಿಟ್ಟು ಬಂದ್ರಿ?" ಎಂದು ಮಿಷನ್ ಮೇಲೆ ಕೂತ ಹೆಂಗಸರು ಕೇಳುತ್ತಿದ್ದರು.

"ನಂಬರ್ ಹಾಕದ ಮನಷ್ಯಾನ ಕಾಲು ಹಿಂಗ ಆಗ್ತಾವವ್ವಾ. ನೀವೂ ನೋಡ್ಕಳ್ರಿ, ನಿಮ್ಮ ಗಂಡಂದಿರ ಕಾಲು ಎರಡೂ ಅವರವೇ ಅದಾವೋ ಇಲ್ಲೋ" ಎನ್ನುತ್ತಿದ್ದರು. ಮುಖದಲ್ಲಿ ನಗು ಇರುತ್ತಿರಲಿಲ್ಲ.

ಅವರು ಜೀನ್ಸ್ ಹೊಲಿಯುವ ನಮ್ಮ ಗಾರ್ಮೆಂಟ್ಸಿನ ಕಟಿಂಗ್ ಮಾಸ್ಟರು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ ಒಂದೇ ಏಟಿಗೆ ಕತ್ತರಿಸುತ್ತಾರೆ. ಒಂದು ಪದರದ ನೀಲಿ ಇನ್ನೊಂದು ಪದರಕ್ಕೆ ಇರುವುದಿಲ್ಲ. ಅದಕ್ಕೇ ಕತ್ತರಿಸಿದ ಪ್ರತಿ ತುಂಡಿಗೂ ಮೇಣದ ಚಾಕಿನಿಂದ ಗೀಟೆಳೆದೋ ಸ್ಟಿಕರ್ ಅಂಟಿಸಿಯೋ ನಂಬರು ಹಾಕಬೇಕು. ಐದನೇ ಪದರದ ಎಡಗಾಲಿಗೆ ಐದನೇ ಪದರದ ಬಲಗಾಲೇ ಸೇರಬೇಕು. ಹರೆಯದಲ್ಲಿ ಒಮ್ಮೆ ಅವರು ನಂಬರು ನೆನಪಿನಲ್ಲಿದೆ ಎಂದುಕೊಂಡು ಒಂದು ಇಡೀ ಕಟ್ಟು ಕೆಡಿಸಿದ್ದರಂತೆ. ಅಂದಿನಿಂದ ಇಂಥ ಕೆಟ್ಟ ಪ್ಯಾಂಟನ್ನೇ ಹಾಕುತ್ತಿದ್ದರು. ಒಂದು ಹರಿದರೆ ರಿಜೆಕ್ಟ್ ರಾಶಿಯಿಂದ ಇನ್ನೊಂದನ್ನು ಹುಡುಕಿ ತೆಗೆಯುತ್ತಿದ್ದರು. "ತಲಿ ನಂಬಬ್ಯಾಡ್ರಿ, ಗುರ್ತು ನಂಬ್ರಿ" ಎನ್ನುವುದು ಅವರ ಮಾತು. ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತಿತ್ತು.

ಆ ನಂಬರು ಹಾಕುವ ಕೆಲಸ ನನ್ನದಾಗಿತ್ತು. ಅವರ ಮೇಜಿನ ಪಕ್ಕದಲ್ಲೇ ನಿಂತು ಕಲಿತೆ.

ನಾನು ಮಡಕಶಿರಾ ಕಡೆಯವಳು, ರತ್ನಗಿರಿ ಹತ್ತಿರದ ಹಳ್ಳಿ. ಮದುವೆಯಾದ ಮೇಲೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದೆ. ಒಂದು ಕೋಣೆಯಲ್ಲಿ ಆರು ಹೆಂಗಸರು, ಮಗಳು ಊರಲ್ಲಿ ನಮ್ಮಮ್ಮನ ಹತ್ತಿರ. ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ಸಲ ಹೋದಾಗ ಕೂಸು ನನ್ನನ್ನು ಕಂಡು ಅಜ್ಜಿಯ ಸೀರೆಯ ಹಿಂದೆ ಅಡಗಿಕೊಂಡಿತು. ಆಮೇಲೆ ನಮ್ಮ ಯಜಮಾನರಿಗೆ ಓಬಳಾಪುರದ ಕಡೆ ಲಾರಿ ಕೆಲಸ ಸಿಕ್ಕಿತು, ರಾಯದುರ್ಗದಲ್ಲಿ ಮನೆ ಮಾಡಿದೆವು, ನನಗೆ ಈ ಕೆಲಸವಾಯಿತು. ಮಗಳು ದಿನಾ ಶಾಲೆ ಬಿಟ್ಟ ಮೇಲೆ ಬಂದು ಮಾಸ್ಟರ ಕಟಿಂಗ್ ಮೇಜಿನ ಕೆಳಗೆ ಕೂತು ಚಿಂದಿಯಲ್ಲಿ ಗೊಂಬೆ ಕಟ್ಟುತ್ತಿದ್ದಳು. ಅದಕ್ಕಾಗಿ ರಾಯದುರ್ಗದ ದಶಭುಜ ಗಣಪತಿಗೆ ಪ್ರತಿ ಸಂಕಷ್ಟಿಗೆ ಗರಿಕೆ ಒಯ್ಯುತ್ತಿದ್ದೆ. ಅದಕ್ಕಿಂತ ಹೆಚ್ಚು ನಾನು ಏನನ್ನೂ ಕೇಳಿಕೊಂಡವಳಲ್ಲ.

ಮಾಸ್ಟರು ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ರತ್ನಗಿರಿ" ಎನ್ನುತ್ತಿದ್ದರು. ನಾನು "ಬತ್ತೀನಿ ಇರಿ ಮಾಸ್ಟ್ರೇ" ಅಂದರೆ, "ನಿಮ್ಮೂರ ಕನ್ನಡ ಕೇಳಿದ್ರ ಯಾರೋ ಬೈದಂಗ ಆಗ್ತೈತಿ ನೋಡು" ಎಂದು ರೇಗಿಸುತ್ತಿದ್ದರು.

ಬಟ್ಟೆ ಕತ್ತರಿಸುವ ಅಚ್ಚುಗಳು, ಅಂದರೆ ಅವರ ಪ್ಯಾಟರ್ನುಗಳು, ಮೊದಲು ರಟ್ಟಿನವು. ಮಕ್ಕಳ ಅಳತೆಯಿಂದ ದಪ್ಪ ಹೊಟ್ಟೆಯವರ ಅಳತೆಯ ತನಕ ಗೋಡೆಯ ಮೊಳೆಗಳಿಗೆ ನೇತು ಹಾಕಿರುತ್ತಿದ್ದರು. ಸಾವ್ಕಾರರು ಕಂಪ್ಯೂಟರು ತರಿಸಿ ಅವೆಲ್ಲವನ್ನೂ ಅದರೊಳಗೆ ಸೇರಿಸಿದರು. ಒಳಗಿನ ಸಣ್ಣ ಕೋಣೆಯಲ್ಲಿ ಸರ್ವರ್ ಎನ್ನುವ ಕಪ್ಪು ಪೆಟ್ಟಿಗೆಯೊಂದು ಹಗಲೂ ರಾತ್ರಿ ಗುಂಯ್ ಎನ್ನುತ್ತಿತ್ತು. ಪ್ಯಾಟರ್ನುಗಳು ಅದರಲ್ಲಿದ್ದವು. ಇನ್ನು ರಟ್ಟು ಯಾಕೆ ಎಂದು ಸಾವ್ಕಾರರು ಹೊರಗೆ ಹಾಕಿಸಿದರು. ನಾವೆಲ್ಲ ನೀರೊಲೆಗೆ ಒಯ್ದೆವು. ನಾನೂ ಒಂದು ಹೊರೆ ಒಯ್ದೆ.

ಗಾರ್ಮೆಂಟ್ಸುಗಳೇ ತುಂಬಿದ ಆ ಬೀದಿಯಲ್ಲಿ ಪ್ಯಾಟರ್ನ್ ಕದಿಯುವುದು ಹೊಸದಲ್ಲವಾದ್ದರಿಂದ ಅದಕ್ಕೆ ಪಾಸ್‌ವರ್ಡ್ ಇತ್ತು. ಪೆಟ್ಟಿಗೆ ಕೂಡಿಸಲು ಬಳ್ಳಾರಿಯಿಂದ ಬಂದಿದ್ದವನು ಒಂಬತ್ತು ಅಕ್ಷರದ ಗೋಜಲೊಂದನ್ನು ಚೀಟಿಯಲ್ಲಿ ಬರೆದುಕೊಟ್ಟು, "ಚೀಟಿ ಇಟ್ಕಬ್ಯಾಡ್ರಿ, ನೆನಪಿಟ್ಕಳ್ರಿ" ಎಂದು ಹೇಳಿ ಹೋಗಿದ್ದ. ಮಾಸ್ಟರು ಒಂದು ವಾರ ಬಿಟ್ಟು ಆ ಚೀಟಿಯನ್ನು ಊದುಬತ್ತಿಯ ಕೆಂಡಕ್ಕೆ ಹಿಡಿದು ಸುಟ್ಟದ್ದನ್ನು ನಾನೇ ನೋಡಿದೆ. ವರ್ಷದಲ್ಲಿ ಒಂದೆರಡು ಸಲ ಮಾತ್ರ ಆ ಪೆಟ್ಟಿಗೆ ಆರುತ್ತಿತ್ತು. ಆಗ ಅವರು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡು ಪಾಸ್‌ವರ್ಡ್ ಒತ್ತಿ ಪೆಟ್ಟಿಗೆ ತೆರೆದು ಬರುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ಒಳಕೋಣೆ ಶುಚಿ ಮಾಡುವ ಪಾಳಿ ನನಗೆ ಬಂತು. ನಮ್ಮಲ್ಲಿ ಜೀನ್ಸಿನ ನೀಲಿ ಧೂಳು ಕೂರದ ಜಾಗವಿಲ್ಲ, ಕಿವಿಯೊಳಗೂ ಇರುತ್ತದೆ. ಮಗಳ ಹಲ್ಲುಜ್ಜುವ ಹಳೆಯ ಬ್ರಷ್ಷು ತಂದಿದ್ದೆ, ಗುಲಾಬಿ ಹಿಡಿ, ಅದರ ಮೇಲೆ ಮೊಲದ ಚಿತ್ರ. ಸೋಪುನೀರಲ್ಲಿ ಅದ್ದಿ ಕೀಬೋರ್ಡಿನ ಒಂದೊಂದು ಗುಂಡಿಯ ಸುತ್ತಲೂ ಉಜ್ಜಿದೆ. ಕೆಲವು ಗುಂಡಿಗಳ ಹಿಂಬದಿಯ ಅಂಚಿಗೆ ನೀಲಿ ಕೊಳೆ ಅಂಟಿತ್ತು, ಬೇಗ ಬಿಡಲಿಲ್ಲ. ದೇವರ ಕೆಲಸವೆಂದು ಮನಸ್ಸಿಟ್ಟು ಉಜ್ಜಿದೆ. ಆಮೇಲೆ ಪೂಜೆಗೆಂದು ಆರಿಸಿದ್ದ ಪೆಟ್ಟಿಗೆಗೂ ಅರಿಸಿನ ಕುಂಕುಮವಿಟ್ಟು ನಿಂಬೆಹಣ್ಣು ಕೊಯ್ದೆವು. ಸಂಜೆ ಹೊರಡುವಾಗ ಕಿಟಕಿಯಲ್ಲಿಟ್ಟ ಬ್ರಷ್ಷು ಕಾಣಲಿಲ್ಲ. ಕಸದಲ್ಲಿ ಹೋಗಿರಬೇಕು ಎಂದುಕೊಂಡೆ.

ಹಬ್ಬ ಮುಗಿದು ಮತ್ತೆ ಕೆಲಸ ಹಿಡಿದ ದಿನ ಮಾಸ್ಟರು ಒಳಕೋಣೆಗೆ ಹೋದವರು ಹೊರಗೆ ಬರಲಿಲ್ಲ. ನಾನು ಸ್ಟಿಕರ್ ಕೇಳಲು ಹೋಗಿ ಬಾಗಿಲು ದೂಡಿದೆ. ಕೀಬೋರ್ಡನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನನ್ನನ್ನು ಕಂಡು ದನಿ ಇಳಿಸಿದರು.

"ಪಾಸ್‌ವರ್ಡಿನ ಗುಂಡಿಗಳ ಹಿಂದಿನ ಅಂಚಿಗೆ ನೀಲಿ ಮೇಣದ ಚಾಕ್‌ನಾಗ ಗೀಟು ಹಾಕಿದ್ನವ್ವ. ಮೊದಲ್ನೇದಕ್ಕ ಒಂದು, ಎರಡ್ನೇದಕ್ಕ ಎರಡು. ಹಂಗ ಒಂಬತ್ತು. ಬಟ್ಟಿಗೆ ಹಾಕ್ತೀವಲ್ಲ, ಹಂಗ. ಒಂದೂ ಕಾಣವಲ್ದು."

ದಿನಾ ಸಾವಿರ ತುಂಡುಗಳಿಗೆ ಗೀಟು ಹಾಕುವವಳು ನಾನು. ಗೀಟನ್ನು ಕೊಳೆ ಎಂದುಕೊಂಡಿದ್ದೆ.

"ಯಾರರ ಒರಿಸಿದ್ರೇನವ್ವ ಇದನ್ನ?"

"ಪೂಜೆ ದಿನ ಎಲ್ರೂ ಒರ್ಸಿದ್ವಿ ಮಾಸ್ಟ್ರೇ" ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಎಲ್ಲರೂ ಒಂದೊಂದನ್ನು ಒರೆಸಿದ್ದರು. ಆದರೆ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಈ ತನಕ ಹೇಳಿಲ್ಲ. ಅವರು ನನ್ನ ಮುಖವನ್ನು ನೋಡಿ, "ಆತು ಬಿಡು" ಎಂದರು.

ಎರಡು ದಿನ ಅವರು ಒಳಗೇ ಕೂತು ಪ್ರಯತ್ನಪಟ್ಟರು. ಐದು ಅಕ್ಷರ ಹೊಳೆದರೆ ಅವುಗಳ ಸಾಲು ಹೊಳೆಯದು. ನಾಲ್ಕು ಸಲ ತಪ್ಪಿದರೆ ಪೆಟ್ಟಿಗೆ ಅರ್ಧ ಗಂಟೆ ಮುನಿಸಿಕೊಂಡು ಕೂರುತ್ತಿತ್ತು. ಮೂರನೆಯ ದಿನ ಸಾವ್ಕಾರರು ಬಂದರು. ಆರ್ಡರಿನ ಬಟ್ಟೆ ಲಾರಿಯಿಂದ ಇಳಿದಾಗಿತ್ತು, ಕತ್ತರಿಸಲು ಪ್ಯಾಟರ್ನ್ ಇಲ್ಲ.

"ಏಮಯ್ಯಾ ಮಾಸ್ಟರೂ, ಪೂಜಿಗೆ ಮಲಗಿಸಿದ ಪೆಟಿಗಿ ಇನ್ನಾ ಎದ್ದಿಲ್ಲೇನು?"

"ಪಾಸ್‌ವರ್ಡ್ ಮರ್ತೀನ್ರಿ."

"ಮರ್ತಿ? ಹೆಂಡ್ತಿ ಹೆಸರರ ನೆನಪೈತೇನು?"

"ಐತ್ರಿ. ಆಕಿ ಹೆಸರಿಗೆ ಇದು ಬಾಗಿಲು ತೆಗೆಯಂಗಿಲ್ರಿ."

ಯಾರೋ ಕಿಸಕ್ಕೆಂದರು. ಸಾವ್ಕಾರರು ನಗಲಿಲ್ಲ. "ಇದರಾಗ ಯಾರದರ ಕೈವಾಡ ಇದ್ರ ಹೇಳು. ಯಾರೇ ಇರಲಿ, ಇವತ್ತೇ ಹೊರಗ" ಎಂದರು.

ನಾನು ಬಾಗಿಲ ಹಿಂದೆ ಸ್ಟಿಕರ್ ಸುರುಳಿ ಹಿಡಿದು ನಿಂತಿದ್ದೆ. ಬೆಂಗಳೂರಿನ ಆ ಕೋಣೆ ಕಣ್ಣ ಮುಂದೆ ಬಂತು. ಅಜ್ಜಿಯ ಸೀರೆ ಹಿಡಿದು ಇಣುಕಿದ ನನ್ನ ಮಗಳ ಮುಖ ಬಂತು. ಬಾಯಿ ತೆರೆಯಬೇಕೆಂದು ಗಣಪತಿಯನ್ನು ನೆನೆದೆ, ಬಾಯಿ ತೆರೆಯಲಿಲ್ಲ.

"ಯಾರ ಕೈವಾಡನೂ ಇಲ್ರಿ. ನಂದ ಮರವು" ಎಂದರು ಮಾಸ್ಟರು. ಜೀವಮಾನವೆಲ್ಲ ತಲೆ ನಂಬಬೇಡಿ ಎಂದು ಸಾರಿದ ಮನುಷ್ಯ, ಅಷ್ಟು ಜನರ ಎದುರು ತನ್ನ ತಲೆಯ ಮೇಲೇ ತಪ್ಪು ಹೊತ್ತುಕೊಂಡರು.

ಚೀಟಿ ಬರೆದುಕೊಟ್ಟವನನ್ನು ಫೋನಿನಲ್ಲಿ ಹಿಡಿದರು. ಅವನು ದುಬೈಯಲ್ಲಿದ್ದ. ನೂರು ಕಡೆ ನೂರು ಪಾಸ್‌ವರ್ಡ್ ಹಾಕಿರುತ್ತೇನೆ, ಯಾವುದೆಂದು ನೆನಪಿಡಲಿ ಎಂದನಂತೆ. ಬಳ್ಳಾರಿಯಿಂದ ಇನ್ನೊಬ್ಬನನ್ನು ಕರೆಸಿದರು. ಅವನು ಸಿ.ಡಿ. ತಟ್ಟೆಯೊಂದನ್ನು ಪೆಟ್ಟಿಗೆಗೆ ಹಾಕಿ, ಕಪ್ಪು ಪರದೆಯ ಮೇಲೆ ಏನೇನೋ ಬರೆದು, ಗಂಟೆಯೊಳಗೆ, "ಹಳೇ ಪಾಸ್‌ವರ್ಡ್ ತೆಗೆದು ಹೊಸಾದು ಹಾಕೀನ್ರಿ, ಬರ್ರಿ" ಎಂದ. ಪೆಟ್ಟಿಗೆ ತೆರೆಯಿತು. ಹೆಂಗಸರೆಲ್ಲ ಬಾಗಿಲಿಗೆ ಮುತ್ತಿದರು. ನಾನು ಅಲ್ಲೇ ಮೂರು ತೆಂಗಿನಕಾಯಿ ಹರಕೆ ಹೊತ್ತೆ.

ಪರದೆಯ ಮೇಲೆ ಪ್ಯಾಟರ್ನುಗಳ ಹೆಸರುಗಳು ಸಾಲಾಗಿ ಬಂದವು. ಮಾಸ್ಟರು ಬೆರಳಿಟ್ಟು ಒಂದೊಂದನ್ನೂ ಓದಿದರು. ಒಂದನ್ನು ಒತ್ತಿದರೆ ತೆರೆಯಲಿಲ್ಲ. ಇನ್ನೊಂದನ್ನು ಒತ್ತಿದರು. ಅದೂ ಇಲ್ಲ.

ಬಳ್ಳಾರಿಯವನು ಹಣೆ ಉಜ್ಜಿಕೊಂಡ. "ಇವಕ್ಕ ಮೊದಲ್ನಾವ ಒಳಗ ಬ್ಯಾರೆ ಬೀಗ ಹಾಕ್ಯಾನ್ರಿ. ಹೊರಬಾಗಿಲ ನಾನು ಒಡ್ದೆ. ಒಳಗಿಂದು ಹಳೇ ಪಾಸ್‌ವರ್ಡಿಗೇ ತೆಗೀತೈತ್ರಿ, ಬ್ಯಾರೆ ಯಾವುದಕ್ಕೂ ಇಲ್ಲ."

ಮಾಸ್ಟರು ಆ ಹೆಸರುಗಳನ್ನು ನೋಡುತ್ತ ಕೂತೇ ಇದ್ದರು. ಆಸ್ಪತ್ರೆಯ ಗಾಜಿನ ಆಚೆ ಮಲಗಿದವರನ್ನು ನೋಡುತ್ತ ಕೂರುವವರನ್ನು ನಾನು ಆಮೇಲೆ ಬೇರೆಬೇರೆ ಸಂದರ್ಭದಲ್ಲಿ ಕಂಡಿದ್ದೇನೆ. ಅವತ್ತು ಮಾಸ್ಟರು ಹಾಗೆಯೇ ಇದ್ದರು.

ಅವರು ಸಾವ್ಕಾರರಲ್ಲಿ ಒಂದು ತಿಂಗಳ ಗಡುವು ಬೇಡಿದರು. ಸ್ಯಾಂಪಲ್ಲಿಗೆಂದು ಇಟ್ಟಿದ್ದ ಹಳೆಯ ಪ್ಯಾಂಟುಗಳನ್ನು ರಾಶಿ ಹಾಕಿಕೊಂಡು ಒಂದೊಂದು ಹೊಲಿಗೆಯನ್ನೂ ಬಿಚ್ಚತೊಡಗಿದರು. ಬಿಚ್ಚಿದ ತುಂಡನ್ನು ಇಸ್ತ್ರಿ ಮಾಡಿ, ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದರೆ ಪ್ಯಾಟರ್ನ್ ಹುಟ್ಟುತ್ತದೆ. ನೀಲಿ ಬಟ್ಟೆ, ನೀಲಿ ದಾರ. ಊಟದ ಬಿಡುವಿನಲ್ಲಿ ನಾನೂ ಪಕ್ಕದಲ್ಲಿ ಕೂತು ಬಿಚ್ಚುತ್ತಿದ್ದೆ. ಒಂದು ದಿನ ಧೈರ್ಯ ಮಾಡಿದೆ.

"ಮಾಸ್ಟ್ರೇ, ನಿಮ್ಗೊಂದು ಮಾತು ಹೇಳ್ಬೇಕು."

"ಹೊಲಿಗಿ ಬಿಚ್ಚೋ ಹೊತ್ತಿನ್ಯಾಗ ಮಾತಾಡಬಾರ್ದವ್ವ, ಬಟ್ಟಿ ಹರೀತೈತಿ."

"ಅಲ್ಲ ಮಾಸ್ಟ್ರೇ, ಆ ಪೂಜೆ ದಿನ..."

"ನಿನ್ನ ಕೂಸು ಶಾಲಿ ಬಿಟ್ಟು ಬಂತು ನೋಡು. ಹೋಗಿ ಉಣ್ಣಾಕ ಹಾಕು."

ನಾನು ಎದ್ದು ಹೋದೆ. ತಡೆದದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು. ಅದನ್ನೂ ಬರೆದುಬಿಡುತ್ತೇನೆ.

ಸ್ಯಾಂಪಲ್ ಇದ್ದವು ಮಾತ್ರ ಮರಳಿದವು. ಮಕ್ಕಳ ಅಳತೆಯವು, ಅವರು ಹೆಚ್ಚು ಹೆಮ್ಮೆಪಡುತ್ತಿದ್ದವು, ಒಂದೂ ಬರಲಿಲ್ಲ. ತಿಂಗಳು ತುಂಬುವ ಮೊದಲೇ ಸಾವ್ಕಾರರು ಹೊಸ ಮಾಸ್ಟರನ್ನು ಕರೆತಂದರು. ಅವನು ತನ್ನ ಪ್ಯಾಟರ್ನುಗಳನ್ನು ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವಿನಲ್ಲಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನಮ್ಮ ಮಾಸ್ಟರು ಕತ್ತರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಎರಡು ಬಣ್ಣದ ಪ್ಯಾಂಟಿನಲ್ಲಿ, ಬಂದ ದಾರಿಯಲ್ಲೇ ನಡೆದು ಹೋದರು. ಅವತ್ತು ಯಾರೂ ಅವರ ಕಾಲಿನ ಬಗ್ಗೆ ಕೇಳಲಿಲ್ಲ.

ಅವರು ತಮ್ಮೂರು ಬೆಳುಗುಪ್ಪದಲ್ಲಿ ಹಳೆಬಟ್ಟೆ ಸರಿಮಾಡಿಕೊಡುತ್ತ ಇದ್ದಾರೆಂದು ತಿಳಿಯಿತು. ಕಣ್ಣು ಮಂದವಾಗಿದೆ ಎಂದೂ ಕೇಳಿದೆ. ರಾಯದುರ್ಗದಿಂದ ಬೆಳುಗುಪ್ಪ ದೂರವೇನಲ್ಲ. ಇವತ್ತು, ನಾಳೆ, ಹಬ್ಬ ಕಳೆಯಲಿ ಎನ್ನುತ್ತ ಹೋಗಲಿಲ್ಲ. ನನ್ನ ಕೆಲಸ ಉಳಿಯಿತು. ಮಗಳು ನನ್ನ ಪಕ್ಕದಲ್ಲೇ ಮಲಗಿ ಬೆಳೆದಳು, ಹತ್ತನೆಯ ತರಗತಿ ಮುಗಿಸಿದಳು. ದಿನಾ ದೀಪ ಹಚ್ಚುವಾಗ ದೇವರು ಕೊಟ್ಟದ್ದನ್ನು ಒಂದೊಂದಾಗಿ ಎಣಿಸುವ ರೂಢಿ ನನಗೆ. ಎಣಿಕೆ ಮಗಳ ಹತ್ತಿರ ಬಂದಾಗ ಮಾಸ್ಟರ ಮುಖ ಅಡ್ಡ ಬರುತ್ತಿತ್ತು. ಆಮೇಲೆ ಎಣಿಸುವುದಕ್ಕೆ ಆಗುತ್ತಿರಲಿಲ್ಲ.

ನಾವು ಮಡಕಶಿರಾ ಕಡೆಗೆ ಮರಳಿದ ಮೇಲೆ ಒಂದು ದಿನ ಮಾಸ್ಟರು ತೀರಿಕೊಂಡ ಸುದ್ದಿ ಬಂತು. ಹೋಗುವಷ್ಟರಲ್ಲಿ ಕಾರ್ಯವೂ ಮುಗಿದಿತ್ತು. ಅವರ ಹೆಂಡತಿ ನನ್ನನ್ನು ನೋಡಿದವರಲ್ಲ. ಬಾಗಿಲಲ್ಲಿ ನಿಂತು, "ನಾನು ರಾಯದುರ್ಗದಾಗೆ ಅವ್ರ ಕೈಕೆಳಗೆ ಇದ್ದೋಳು ಕಣಮ್ಮ" ಎಂದೆ.

"ರತ್ನಗಿರಿಯಾಕಿ ಏನವ್ವ?" ಎಂದರು.

ಒಳಗೆ ಹೋಗಿ ತಗಡಿನ ಡಬ್ಬಿ ತಂದರು. ಮೇಣದ ಚಾಕಿನ ತುಂಡುಗಳ ಕೆಳಗೆ, ಜೀನ್ಸ್ ಚಿಂದಿಯಲ್ಲಿ ಸುತ್ತಿದ್ದು ಏನೋ ಇತ್ತು. ಬಿಚ್ಚಿದೆ. ಗುಲಾಬಿ ಹಿಡಿ, ಅದರ ಮೇಲೆ ಮೊಲ.

"ಪೂಜಿ ದಿನ ಸಂಜಿನ್ಯಾಗ ಕಿಟಕ್ಯಾಗ ಕಂಡು, ಕೂಸಿಂದು ಕಳದೀತು ಅಂತ ಜೇಬಿನಾಗ ಹಾಕ್ಕಂಡಿದ್ರಂತ. ಆಮ್ಯಾಲೆ ನೋಡಿದ್ರ ಎಳಿ ತುಂಬ ನೀಲಿ ಮೇಣ. ಮತ್ಯಾಕ ಸುಮ್ಕಿದ್ರಿ, ಸಾವ್ಕಾರಗ ತೋರಿಸಬಾರ್ದಾಗಿತ್ತೇನು ಅಂದೆ ನಾನು" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ತೋರಿಸಿದ್ರ ಆ ಕೂಸು ತಾಯಿನ ಬಿಟ್ಟು ಬ್ಯಾರೆ ಊರಾಗ ಬೆಳೀತಿತ್ತು. ಪ್ಯಾಟರ್ನ್ ಇನ್ನೊಮ್ಮಿ ಮಾಡಬೌದು ಅಂದ್ರು. ಆಕಿ ಎಂದರ ಬರ್ತಾಳ, ಬಂದ್ರ ಕೊಡು ಅಂತ ಹೇಳಿದ್ರವ್ವ."

ಎಷ್ಟು ವರ್ಷ ಕಾದಿದ್ದರೋ. ನಾನು ಆಕೆಯ ಕಾಲು ಹಿಡಿದು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಕೇಳಬೇಕಾದವರು ಇರಲಿಲ್ಲ.

ಬ್ರಷ್ಷು ಈಗ ನನ್ನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿದೆ. ಆಯುಧಪೂಜೆಗೆ ಮನೆಯ ಕತ್ತರಿ, ಮಚ್ಚು, ಮಿಷನ್ನು ಎಲ್ಲವನ್ನೂ ತೊಳೆದು ಕುಂಕುಮವಿಡುತ್ತೇನೆ. ಇದರ ಎಳೆಗಳಲ್ಲಿ ಆ ನೀಲಿ ಇನ್ನೂ ಇದೆ. ಇದನ್ನೊಂದನ್ನು ಮಾತ್ರ ತೊಳೆಯುವುದಿಲ್ಲ.