ಸೀನುವನ್ ಟೀಚರ್ ಕಿತ್ತ ಗೋಡೆ

ನಮ್ಮ ಸೋಪ್‌ಲಿ ಊರಿನಲ್ಲಿ ಯಾರಾದರೂ ಹಳೆಯ ಕಿಟಕಿಗೆ ಬಣ್ಣ ಹೊಡೆಸಬೇಕೆಂದರೆ ಮೊದಲು ರಸ್ತೆಯ ಎರಡೂ ಕಡೆ ನೋಡುತ್ತಿದ್ದರು. ಸೀನುವನ್ ಟೀಚರ ಸೈಕಲ್ ಕಂಡರೆ ಬಣ್ಣದ ಡಬ್ಬ ಒಳಗೆ. ಮೂರನೇ ತರಗತಿಗೆ ಪಾಠ ಹೇಳುತ್ತಿದ್ದ ಈ ಹೆಂಗಸು ಮದುವೆಯಾಗಲಿಲ್ಲ, ಊರಿನ ಹಳೆಯದನ್ನೆಲ್ಲ ಕಟ್ಟಿಕೊಂಡಳು. ಯಾವ ಬಾವಿ ಯಾರು ತೋಡಿಸಿದ್ದು, ಯಾವ ಓಣಿಯಲ್ಲಿ ಆನೆ ಕಟ್ಟುತ್ತಿದ್ದರು, ಎಲ್ಲವನ್ನೂ ಮುದುಕಿಯರ ಬಾಯಿಂದ ಹೊರಡಿಸಿ ಬರೆದಿಟ್ಟಳು. ಊರಿನ ಬುದ್ಧನ ಗುಡಿಯ ಎದುರಿಗೇ ನನ್ನ ನೂಡಲ್ಸ್ ಅಂಗಡಿ. ಅವಳ ಉಪದೇಶ ನನಗೆ ದಿನವೂ ಬಿಟ್ಟಿ.

ಈ ಹುಚ್ಚು ಹಿಡಿದದ್ದು ಒಂದು ಊಟದಿಂದ. ಅವಳು ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು. ಯಾರದೋ ಭಿಕ್ಷು ದೀಕ್ಷೆಯೆಂದು ಗುಡಿಯಲ್ಲಿ ಅಂಟಕ್ಕಿ ಬೇಯಿಸಿದ್ದರು. ಎರಡು ಸಲ ಬಡಿಸಿಕೊಂಡು, ಹೊಗೆಯ ಘಮ ಬಹಳ ಚೆನ್ನಾಗಿದೆ ಎಂದು ಹೊಗಳಿದಳು. ಕೈ ತೊಳೆಯಲು ಹಿತ್ತಿಲಿಗೆ ಹೋದರೆ ಒಲೆಯಲ್ಲಿ, ಭಿಕ್ಷುಗಳು ಕೂತು ಬೋಧಿಸುತ್ತಿದ್ದ ಹಳೆಯ ಧರ್ಮಪೀಠದ ಕೆತ್ತನೆಯ ಕಾಲು ಉರಿಯುತ್ತಿತ್ತು. ಸಿಮೆಂಟಿನ ಹೊಸ ಪೀಠ ಬಂದಿತ್ತು, ಇದನ್ನು ಸೌದೆ ಮಾಡಿದ್ದರು. "ಅದನ್ನ ನಾನು ತಿಂದ್ಬಿಟ್ಟೆ ಕಣೇ" ಎಂದು ಈಗಲೂ ಹಲ್ಲು ಕಡಿಯುತ್ತಾಳೆ.

ಅಂಥವಳಿಗೆ ನಿಜವಾದ ಪರೀಕ್ಷೆ ಬಂದದ್ದು ನಿವೃತ್ತಿಯ ಮೇಲೆ. ಗುಡಿಯ ತೇಗದ ವಿಹಾರದ, ಎಂದರೆ ಪ್ರಾರ್ಥನಾ ಮಂದಿರದ, ಸೂರು ಸೋರತೊಡಗಿತು. ಒಳಗೋಡೆಯ ಮೇಲೆ ಬುದ್ಧನ ಕಥೆಯ ಚಿತ್ರ ಬರೆಯುವ ನೆಪದಲ್ಲಿ ಹಿಂದೆ ಯಾರೋ ನಮ್ಮೂರನ್ನೇ ಬರೆದಿಟ್ಟಿದ್ದಾರೆ: ಚುಟ್ಟಾ ಕಚ್ಚಿಕೊಂಡು ನೀರು ಸೇದುವ ಹೆಂಗಸು, ನಾಯಿಗೆ ಬೈಯುವ ಗಂಡಸು. ನೀರು ಅವರ ಮೇಲೆ ಇಳಿಯುತ್ತಿತ್ತು. ಎಲ್ಲ ಕೆಡವಿ ಕಾಂಕ್ರೀಟಿನ ವಿಹಾರ ಕಟ್ಟೋಣ ಎಂದರು ಊರವರು. ದುರಾಸೆಯಿಂದೇನಲ್ಲ. ಸಿಮೆಂಟ್ ಹೆಂಚು ತರಿಸಿ, ಪ್ರತಿ ಮನೆಯವರೂ ತೀರಿಹೋದವರ ಹೆಸರನ್ನು ಅದರ ಮೇಲೆ ಬರೆಸಿ ದಾನ ಕೊಟ್ಟಿದ್ದರು. ಹೆಂಚು ಸೂರು ಏರಿದರೆ ತಾನೆ ಅವರಿಗೆ ಪುಣ್ಯ ಮುಟ್ಟುವುದು? ನಾನೂ ನನ್ನ ಗಂಡನ ಹೆಸರು ಬರೆಸಿದ್ದೆ. ಆದರೆ ಆ ಹೆಂಚಿನ ಭಾರವನ್ನು ಹಳೆಯ ತೊಲೆಗಳು ತಡೆಯುವ ಹಾಗಿರಲಿಲ್ಲ.

ಗುಡಿಯಲ್ಲಿ ಸಭೆ ಸೇರಿತು. "ಟೀಚರ್, ನಿಮ್ಗೆ ಗೋಡೆ ಮೇಲಿರೋರ ಚಿಂತೆ, ನಮ್ಗೆ ನಮ್ಮನೆಯಿಂದ ಹೋದೋರ ಚಿಂತೆ" ಎಂದ ಊರ ಮುಖ್ಯಸ್ಥ ಇನ್‌ತಾ.

ಉನ್ ಅಜ್ಜಿ ಹೆಂಚನ್ನು ಎದೆಗೆ ಅವುಚಿಕೊಂಡೇ ಬಂದಿದ್ದಳು. ಅದರ ಮೇಲೆ ಹೊಳೆ ಪಾಲಾದ ಮಗನ ಹೆಸರು. "ನಾನು ಕಣ್ಮುಚ್ಚೋದ್ರೊಳಗೆ ಇವನು ಮೇಲೆ ಹೋಗ್ಬೇಕು. ಅಡ್ಡ ಬಂದ್ರೆ ನಿನ್ನ ಸುಮ್ನೆ ಬಿಡಲ್ಲ ಸೀನುವನ್."

"ಹೋಗ್ತಾನೆ ಅಜ್ಜಿ. ಮೊದ್ಲಿನ ಹಾಗೆ ಮರದ ಹೆಂಚೇ ಹಾಕೋಣ, ಅದ್ರ ಮೇಲೆ ಹೆಸರು ಬರೆಯೋಣ."

ಇನ್‌ತಾ ನಕ್ಕ. "ಮರ ಎಲ್ಲಿಂದ ತರ್ತೀರಿ? ತೇಗದ ಕಾಡಿಗೆ ಕೈ ಹಾಕಿದ್ರೆ ನೇರ ಜೈಲು. ಅಲ್ಲೂ ಹಳೇ ಗೋಡೆ ಬೇಕಾದಷ್ಟಿರುತ್ತೆ ಬಿಡಿ, ನೋಡ್ಕೊಂಡಿರ್ಬಹುದು."

ಸಭೆಯೆಲ್ಲ ಗೊಳ್ಳೆಂದಿತು. ಗುಡಿಯ ಹಿರಿಯ ಭಿಕ್ಷುಗಳು ಮಾತ್ರ ನಗಲಿಲ್ಲ. "ಮಳೆಗಾಲ ಬರೋದ್ರೊಳಗೆ ಮರ ತಂದ್ರೆ ಕೆಡವಲ್ಲ. ತರದಿದ್ರೆ ನನ್ನ ತಡೀಬೇಡಮ್ಮ" ಎಂದರು.

ಮರುದಿನ ಬೆಳಿಗ್ಗೆ ಅವಳ ಮನೆಯ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿಸಿತು. ಓಡಿದೆ. ಅವಳ ಅಜ್ಜ ಕಟ್ಟಿಸಿದ ತೇಗದ ಮನೆ. ನಮ್ಮ ಬೀದಿಗೇ ಕಳೆ ತಂದದ್ದು. ಅದರ ಮುಂಗೋಡೆಯ ಹಲಗೆಗಳನ್ನು ಏಣಿ ಹತ್ತಿ ಕೀಳುತ್ತಿದ್ದಾಳೆ!

"ತಲೆ ಕೆಟ್ಟಿದ್ಯೇನೇ ನಿಂಗೆ?"

"ಆ ತುದಿ ಹಿಡ್ಕೋ. ಬಿದ್ರೆ ಸೀಳುತ್ತೆ."

"ನಿಮ್ಮಜ್ಜನ ಮನೆ ಕಣೇ ಇದು! ಕ್ಯಾಲೆಂಡರ್‌ಗೊಂದು ಮೊಳೆ ಹೊಡೆಯೋಕೆ ಬಿಟ್ಟೋಳಲ್ಲ ನೀನು!"

"ಅದಕ್ಕೇ ಹಲಗೆ ಒಂದೂ ಕೆಟ್ಟಿಲ್ಲ ನೋಡು."

ಕಣ್ಣಲ್ಲಿ ನೀರು ಧಾರಾಕಾರ, ಕೈ ಮಾತ್ರ ನಿಲ್ಲಲಿಲ್ಲ. ನನಗೆ ಅವಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬೈಯುತ್ತಲೇ ತುದಿ ಹಿಡಿದುಕೊಂಡೆ.

ಬಡಗಿಗಳು ಹಲಗೆ ಕೊಯ್ದು ಮರದ ಹೆಂಚು ಮಾಡಿದರು. ಅವಳು ಕಾದ ಕಬ್ಬಿಣದಿಂದ ಒಂದೊಂದು ಹೆಸರನ್ನೂ ಸುಟ್ಟು ಬರೆದಳು. ಉನ್ ಅಜ್ಜಿಗೆ ಓದಲು ಬಾರದು. "ಓದು" ಎಂದು ಮತ್ತೆ ಮತ್ತೆ ಓದಿಸಿ, ಬೆರಳಾಡಿಸಿ ನೋಡಿದಳು. ಆಮೇಲಷ್ಟೇ ಸಿಮೆಂಟ್ ಹೆಂಚನ್ನು ಕೆಳಗಿಟ್ಟಳು.

ಆದರೂ ಮರ ಸಾಲಲಿಲ್ಲ. ಆಗ ಬಂದವನು ಇನ್‌ತಾ, ಹೆಗಲ ಮೇಲೆ ತನ್ನ ಹಳೆಯ ಕಣಜದ ಬಾಗಿಲು. "ಇದನ್ನೂ ಕೊಯ್ಸಿ ಟೀಚರ್."

ಅವಳು ಕೈ ಅಗಲಿಸಿ ಅಡ್ಡ ನಿಂತಳು. "ಗರಗಸ ಮುಟ್ಟಿಸಿದ್ರೆ ನೋಡು! ಎಂಥ ಕೆತ್ತನೆ ಇದೆ ಇದ್ರಲ್ಲಿ, ಕಣ್ಣಿಲ್ವಾ ನಿಂಗೆ? ತಗೊಂಡ್ಹೋಗಿ ಎಲ್ಲಿತ್ತೋ ಅಲ್ಲೇ ಹಾಕು!"

ಹೀಗೆಂದವಳು ತಾನು ಮಲಗುವ ಕೋಣೆಯ ಗೋಡೆಗೆ ಏಣಿ ಸರಿಸಿದಳು. ಇನ್‌ತಾ ಬಾಗಿಲನ್ನು ಕೆಳಗಿಟ್ಟು, ಹೋಗಿ ಏಣಿ ಹಿಡಿದ.

ಸೂರು ಮುಗಿದ ಮೇಲೆ ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಅಂಗಡಿ ಬಿಟ್ಟು ಅವಳ ಮನೆಗೆ ಓಡಿದೆ. ಕಿತ್ತ ಗೋಡೆಗೆ ಅಡ್ಡ ಕಟ್ಟಿದ್ದ ಟಾರ್ಪಾಲು ಹಾರಿಹೋಗಿತ್ತು, ಹಾಸಿಗೆ ತೊಪ್ಪೆಯಾಗಿತ್ತು, ಅವಳ ಸುಳಿವಿಲ್ಲ. ಕೊನೆಗೆ ಸಿಕ್ಕಿದ್ದು ವಿಹಾರದಲ್ಲಿ. ಮೈಯೆಲ್ಲ ನೆನೆದು, ಕೈ ಮಾತ್ರ ಉಟ್ಟ ಲುಂಗಿಯ ಒಳಮಡಿಕೆಯಲ್ಲಿ ಒರೆಸಿಕೊಂಡು, ಗೋಡೆಯ ಮೂಲೆಮೂಲೆ ಮುಟ್ಟಿ ನೋಡುತ್ತಿದ್ದಳು.

"ನಿನ್ ಹಾಸಿಗೆ ನೀರಲ್ಲಿದೆ, ಇಲ್ಲೇನೇ ಮಾಡ್ತಿದ್ದೀಯ?" ಎಂದು ರೇಗಿದೆ.

ಅವಳು ನನ್ನ ಕೈ ಹಿಡಿದೆಳೆದು, ಆ ನೀರು ಸೇದುವ ಹೆಂಗಸಿನ ಪಕ್ಕದ ಗೋಡೆಗೆ ಒತ್ತಿದಳು. "ಮುಟ್ಟು. ಸರಿಯಾಗಿ ಮುಟ್ಟಿ ನೋಡು."

ಗೋಡೆ ಒಣಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.