ಅಪ್ಪ ಊಟ ಬಿಟ್ಟ ದಿನಗಳು

ಅಪ್ಪನ ಪಂಚೆ ಒಗೆಯುವಾಗ ರಕ್ತದ ಕಲೆ ಕಂಡಿತು. ಕೇಳಿದರೆ, "ಉಷ್ಣ ಕಣೇ, ಮೂಲವ್ಯಾಧಿ. ಎಳನೀರು ಕುಡುದ್ರೆ ಹೋಗ್ತದೆ ಬುಡು," ಎಂದ. ಹೊನ್ನವಳ್ಳಿಯ ನಮ್ಮ ತೋಟದಲ್ಲಿ ಎಳನೀರಿಗೇನು ಬರ. ಕುಡಿದ. ತಿಂಗಳುಗಟ್ಟಲೆ ಕುಡಿದ. ಕೂರಲಾಗದೆ ನಿಂತೇ ಉಣ್ಣತೊಡಗಿದಾಗ ಹಟ ಮಾಡಿ ತಿಪಟೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರ್ ಬೆಂಗಳೂರಿಗೆ ಬರೆದುಕೊಟ್ಟರು.

ರೆಕ್ಟಮ್ ಕ್ಯಾನ್ಸರ್.

ಮಲ ಹೋಗುವ ಆ ಜಾಗದ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ. ವಿಚಾರಿಸಿದ ನೆಂಟರಿಗೆಲ್ಲ "ಹೊಟ್ಟೇಲಿ ಗಡ್ಡೆ" ಎಂದೆ.

ಅವ್ವ ತೀರಿಕೊಂಡು ವರ್ಷಗಳಾಗಿವೆ. ನಾನೊಬ್ಬಳೇ ಮಗಳು. ನಮ್ಮ ಮನೆಯವರು ತೋಟ, ಹಸು, ಮಕ್ಕಳನ್ನು ನೋಡಿಕೊಳ್ಳಲು ಊರಲ್ಲೇ ಉಳಿದರು. ಗಂಡಸರ ವಾರ್ಡಿನಲ್ಲಿ ಅಪ್ಪನ ಮಂಚದ ಪಕ್ಕ ನಾನು ಕೂತೆ.

ರೇಡಿಯೇಷನ್ ಮುಗಿದ ಮೇಲೆ ಆಪರೇಷನ್ ಆಯಿತು. ಹೊಟ್ಟೆಯ ಎಡಗಡೆ ಒಂದು ತೂತು, ಅದರ ಮೇಲೆ ಅಂಟಿಸಿದ ಬ್ಯಾಗ್. ಇನ್ನು ಬದುಕಿರುವಷ್ಟು ದಿನ ಮಲ ಅಲ್ಲಿಂದಲೇ ಬರುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆಗ ತಲೆಯಾಡಿಸಿದ್ದೆವು. ಕಣ್ಣಿಗೆ ಬಿದ್ದಾಗ ಇಬ್ಬರೂ ಬೇರೆ ಕಡೆ ನೋಡಿದೆವು.

ಬ್ಯಾಗ್ ಬದಲಿಸುವುದನ್ನು ಕಲಿಸಲು ಸಿಸ್ಟರ್ ಬಂದರು. ಅಪ್ಪ ಹೊದಿಕೆಯನ್ನು ಬಿಗಿಯಾಗಿ ಹಿಡಿದುಕೊಂಡ.

"ಮಗಳ ಕೈಲಿ ಬ್ಯಾಡ ಕಣಮ್ಮ. ಗಂಡುಸ್ರು ಯಾರಾನ ಇಲ್ವಾ?"

"ನಿಮ್ಮ ಕೈ ನಡುಗ್ತಿದೆ ಅಜ್ಜ. ಸದ್ಯಕ್ಕೆ ಅವರೇ ಮಾಡ್ಲಿ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಕಲಿತೆ.

ಒಂದು ಮಧ್ಯಾಹ್ನ ಬ್ಯಾಗ್ ಅಂಚಿನಿಂದ ಬಿಟ್ಟುಕೊಂಡಿತು. ಪಕ್ಕದ ಮಂಚದವರಿಗೆ ಮನೆಯಿಂದ ಊಟ ಬಂದಿತ್ತು. ಅವರು ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಎದ್ದು ವರಾಂಡಕ್ಕೆ ಹೋದರು. ಭೂಮಿಗಿಳಿದು ಹೋದಂತಾಯಿತು ನನಗೆ. ಅಪ್ಪನ ಮೇಲೆ ಸಿಟ್ಟೂ ಬಂತು, ಅವನೇನು ಮಾಡಿದ್ದನೆಂದು ಇವತ್ತಿಗೂ ಹೇಳಲಾರೆ. ಸೆರಗು ತಾನಾಗಿಯೇ ಮೂಗಿಗೆ ಹೋಯಿತು.

ಅಪ್ಪ ನನ್ನನ್ನೇ ನೋಡುತ್ತಿದ್ದ.

ಒರೆಸಿದೆ. ಹೊಸ ಬ್ಯಾಗ್ ಹಾಕಿದೆ.

ಊರಿಗೆ ಬಂದ ಮೇಲೆ ಅಪ್ಪ ತಟ್ಟೆ ಹಿಡಿದು ತೋಟಕ್ಕೆ ಹೋಗಿ ಉಣ್ಣತೊಡಗಿದ. ಗಾಳಿಗೆ ಕೂತರೆ ಊಟ ಸೇರುತ್ತದೆ ಎನ್ನುತ್ತಿದ್ದ. ತಟ್ಟೆ ಖಾಲಿಯಾಗಿ ಬರುತ್ತಿತ್ತು. ನಂಬಿದೆ. ಕೀಮೋಗೆಂದು ಮತ್ತೆ ಅಡ್ಮಿಟ್ ಆದ ಮರುದಿನ ತೂಕ ನೋಡಿದ ಡಾಕ್ಟರ್ ಹುಬ್ಬು ಗಂಟಿಕ್ಕಿದರು.

"ಈ ತೂಕದಲ್ಲಿ ಕೀಮೋ ಕೊಡಕ್ಕಾಗಲ್ಲಮ್ಮ. ಊಟ ಮಾಡ್ತಿಲ್ವಾ?"

"ಮಾಡ್ತಾರೆ ಸಾರ್."

"ಹಾಗಿದ್ರೆ ಕಾಯಿಲೆ ಹರಡಿದೆಯಾ ನೋಡ್ಬೇಕು."

ವಾರ್ಡಿಗೆ ಬಂದು, ಮುಖ ತೊಳೆಯಲು ಟವೆಲ್ ತೆಗೆಯೋಣವೆಂದು ಮಂಚದ ಕೆಳಗಿನ ಬಟ್ಟೆ ಚೀಲಕ್ಕೆ ಕೈ ಹಾಕಿದೆ. ಪ್ಲಾಸ್ಟಿಕ್ ಕವರೊಂದು ಸಿಕ್ಕಿತು. ಒಳಗೆ ಬೆಳಗಿನ ಇಡ್ಲಿ, ಹಿಂದಿನ ದಿನದ ಚಪಾತಿ.

"ಅಪ್ಪ, ಇದೇನಿದು?"

"ತಿಂದ್ರೆ ತುಂಬತೈತೆ. ತುಂಬಿದ್ರೆ ನೀನು ತೊಳೀಬೇಕು. ಆವಾಗ ನಿನ್ ಮೊಕ ನೋಡಕ್ಕಾಗಲ್ಲ ಕಣವ್ವ."

ಹಾಗಾದರೆ ತೋಟದಲ್ಲಿ ಅಪ್ಪನ ಊಟ ಉಂಡಿದ್ದು ನಮ್ಮ ನಾಯಿ.

ವಾಸನೆಯೇ ಬರುವುದಿಲ್ಲ ಎನ್ನಬಹುದಿತ್ತು. ನಂಬುತ್ತಿರಲಿಲ್ಲ. ವಾರ್ಡಿನಲ್ಲಿ ಜನ ಇದ್ದಾರೆ ಎಂಬುದನ್ನೂ ಮರೆತು ಅತ್ತೆ.

"ವಾಸನೆ ಬತ್ತೈತಪ್ಪ. ನಂಗೆ ನಾಚ್ಕೇನೂ ಆಯ್ತು, ಮೂಗೂ ಮುಚ್ಕೊಂಡೆ. ತಪ್ಪಾಯ್ತು. ಇದೆಲ್ಲ ನಾಕು ದಿನಕ್ಕೆ ರೂಢಿ ಆಗತೈತೆ. ನೀನಿಲ್ದೇ ಇರೋದು ರೂಢಿ ಆಗಲ್ಲ ಕಣಪ್ಪ."

ಅಪ್ಪ ಹೊದಿಕೆಯ ದಾರ ಎಳೆಯುತ್ತಾ ಕೂತಿದ್ದ. ಕೊನೆಗೆ, "ಮೊಸರನ್ನ ಸಿಗತೈತಾ ಇಲ್ಲಿ?" ಎಂದ.

ಕ್ಯಾಂಟೀನಿಗೆ ಓಡಿದೆ.

ಕಾಯಿಲೆ ಹರಡಿರಲಿಲ್ಲ. ಮೈ ಸ್ವಲ್ಪ ತುಂಬಿಕೊಂಡ ಮೇಲೆ ಕೀಮೋ ಶುರುವಾಗಿ, ಈಗ ಮುಗಿದಿದೆ. ವಾಸಿಯಾಯಿತು ಎಂದು ಡಾಕ್ಟರ್ ಹೇಳಿಲ್ಲ. ಸದ್ಯಕ್ಕೆ ಸ್ಕ್ಯಾನ್‌ನಲ್ಲಿ ಏನೂ ಕಾಣುತ್ತಿಲ್ಲ, ತಪ್ಪದೆ ಬರುತ್ತಿರಿ ಎಂದಿದ್ದಾರೆ. ಅಷ್ಟಕ್ಕೇ ಕೈ ಮುಗಿದೆವು. ಕೀಮೋದಿಂದ ಅಪ್ಪನ ಬೆರಳುಗಳು ಜೋಮು ಹಿಡಿದಿವೆ, ಹಾಗಾಗಿ ಬ್ಯಾಗ್ ಕೆಲಸ ಇನ್ನೂ ನನ್ನದೇ.

ಮೊನ್ನೆ ಕೊಬ್ಬರಿ ನೋಡಲು ಬಂದಿದ್ದ ವ್ಯಾಪಾರದವರು ಜಗಲಿಯಲ್ಲಿ ಕೂತಿದ್ದರು. ಅಪ್ಪ ಅವರೆದುರೇ ಕೂಗಿದ: "ಜಯಾ, ಬ್ಯಾಗು ತುಂಬೈತೆ. ಬಾರವ್ವ."

ಅವರು ತಲೆ ತಗ್ಗಿಸಿದರು. ನನ್ನ ಮುಖ ಬಿಸಿಯಾಯಿತು. ಈಗಲೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ. ಅಪ್ಪ ಮಾತ್ರ ನಿಧಾನಕ್ಕೆ ಎದ್ದು, "ಕೂತಿರ್ರಪ್ಪ, ಬಂದೆ," ಎಂದು ನನ್ನ ಹಿಂದೆ ಒಳಗೆ ಬಂದ.